ಕಂಚಿಗೆ ಹೋದ್ರೆ ಬರೀ ಸೀರೆ ತಗೊಂಡು ಬರ್ಬೇಡಿ

ನಮ್ಮ ಕಡೆಯಿಂದ ಕಂಚಿಗೆ ಹೋಗೋರದ್ದು ಹೆಚ್ಚುಕಮ್ಮಿ ಒಂದೇ ರೂಟು. ಕಾಮಾಕ್ಷಿ ದರ್ಶನ, ವರದರಾಜಸ್ವಾಮಿ ಗುಡೀಲಿ ಬಂಗಾರದ ಹಲ್ಲಿ ಮುಟ್ಟೋದು, ಆಮೇಲೆ ಸೀರೆ ಅಂಗಡಿ, ಅಲ್ಲಿ ಕೂತ್ರೆ ಸಂಜೆ ಆಗೋದೇ ಗೊತ್ತಾಗಲ್ಲ, ಗಾಡಿ ಹತ್ತಿ ವಾಪಸ್. ಸೀರೆ ಬೇಡ ಅನ್ನಲ್ಲ ನಾನು, ಆದ್ರೆ ಕೈಲಾಸನಾಥ ಗುಡಿ ನೋಡ್ದೆ ಬರೋದು, ಅದ್ರಲ್ಲೂ ಕನ್ನಡದವ್ರು, ನನ್ ಪ್ರಕಾರ ಅನ್ಯಾಯ.

8ನೇ ಶತಮಾನದ ಶುರುವಲ್ಲಿ ಪಲ್ಲವರ ರಾಜಸಿಂಹ ಕಟ್ಸಿದ್ದು ಇದು. ಬುಡ ಗ್ರಾನೈಟು, ಮೇಲೆಲ್ಲ ಮರಳುಗಲ್ಲು, ಅದಕ್ಕೇ ಎಷ್ಟೋ ಶಿಲ್ಪ ಸವೆದುಹೋಗಿವೆ. ಪ್ರಾಕಾರದ ಉದ್ದಕ್ಕೂ 58 ಪುಟ್ಟ ಪುಟ್ಟ ಗುಡಿ, ಕೆಲವದ್ರೊಳಗೆ ಬಗ್ಗಿ ನೋಡಿದ್ರೆ ಗೋಡೆ ಮೇಲೆ ಹಳೇ ಚಿತ್ರದ ಚೂರುಪಾರು ಬಣ್ಣ ಇನ್ನೂ ಉಳ್ಕೊಂಡಿದೆ.

ಇಲ್ಲಿನ ಮಂಟಪದ ಒಂದು ಕಂಬದಲ್ಲಿ ಕನ್ನಡ ಶಾಸನ ಇದೆ ಮಾರಾಯ್ರೆ! ಹಿನ್ನೆಲೆ ಏನಂದ್ರೆ, 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ಬಾದಾಮಿ ಹಿಡಿದಿದ್ದ, ಅಲ್ಲಿನ ಬಂಡೆ ಮೇಲೆ ಅವನ ಶಾಸನ ಇವತ್ತಿಗೂ ಇದೆ. ಸುಮಾರು ನೂರು ವರ್ಷ ಆದ್ಮೇಲೆ ನಮ್ಮ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ. ಸೇಡು ಅಂದ್ರೆ ಊರು ಸುಡ್ಬೇಕಿತ್ತಲ್ವಾ? ಸುಡಲಿಲ್ಲ. ಗುಡಿಯ ಸಂಪತ್ತು ನೋಡಿ, ಅದನ್ನ ದೇವ್ರಿಗೇ ವಾಪಸ್ ಬಿಟ್ಟುಕೊಟ್ಟೆ ಅಂತ ಕೆತ್ತಿಸಿ ಹೋದ. ಅವನ ರಾಣಿ ಲೋಕಮಹಾದೇವಿ, ಗಂಡ ಮೂರು ಸಲ ಕಂಚಿ ಗೆದ್ದ ನೆನಪಿಗೆ ಪಟ್ಟದಕಲ್ಲಲ್ಲಿ ವಿರೂಪಾಕ್ಷ ಗುಡಿ ಕಟ್ಸಿದ್ಲು, ಅದರ ವಿಮಾನ (ಗರ್ಭಗುಡಿ ಮೇಲಿನ ಗೋಪುರ) ನೋಡಿದ್ರೆ ಯಾವ ಗುಡಿ ತಲೇಲಿಟ್ಕೊಂಡು ಕಟ್ಟಿದಾರೆ ಅಂತ ಹೇಳ್ಬೇಕಾಗೇ ಇಲ್ಲ. ಸೋತೋರ ಗುಡಿ ಗೆದ್ದೋರಿಗೆ ಅಷ್ಟು ಇಷ್ಟ ಆಗಿತ್ತು.

ಇಲ್ಲಿ ಕಾಮೆಂಟಲ್ಲಿ ಕನ್ನಡ ಹಳೇದಾ ತಮಿಳು ಹಳೇದಾ ಅಂತ ಕಿತ್ತಾಡೋರು ಒಂದ್ಸಲ ಆ ಕಂಬದ ಮುಂದೆ ನಿಂತು ಬರ್ಲಿ. ಶಾಸನದ ಕೊನೇಲಿ ಶಾಪ ಬೇರೆ ಇದೆ, ಈ ಅಕ್ಷರ ಅಳಿಸಿದೋರಿಗೆ ಈ ಊರಿನ ಘಟಿಕೆಯವರನ್ನ ಕೊಂದ ಪಾಪ ಬರ್ಲಿ ಅಂತ. ಘಟಿಕೆ ಅಂದ್ರೆ ಆಗಿನ ದೊಡ್ಡ ವಿದ್ಯಾಕೇಂದ್ರ. ಅದಕ್ಕೂ ನಾಲ್ಕು ಶತಮಾನ ಹಿಂದೆ ನಮ್ಮ ತಾಳಗುಂದದ ಮಯೂರಶರ್ಮ ಓದೋಕೆ ಅಂತ ಹೋಗಿದ್ದೂ ಕಂಚಿಯ ಘಟಿಕೆಗೇ. ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ, ದರ್ಭೆ ಹಿಡಿಯೋ ಕೈಲಿ ಕತ್ತಿ ಹಿಡಿದು ವಾಪಸ್ ಬಂದು ಕದಂಬ ರಾಜ್ಯ ಕಟ್ಟಿದ, ಆ ಸವಾರ ಅವತ್ತು ಸುಮ್ನಿದ್ದಿದ್ರೆ ಮಯೂರ ಬಹುಶಃ ವೇದ ಹೇಳ್ಕೊಡ್ತಾ ಅಲ್ಲೇ ಇದ್ದುಬಿಡ್ತಿದ್ನೋ ಏನೋ.