ತಾತ ಸತ್ತಿದ್ದಕ್ಕೆ ಸಾಕ್ಷಿ ಏನು?

ಕರ್ನಾಟಕದಲ್ಲಿ ದೀರ್ಘಾಯುಷ್ಯ ಬೇಕೆಂದರೆ ಯೋಗ, ಪಥ್ಯ ಏನೂ ಬೇಡ. ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಜಮೀನಿನ ಮಾಲೀಕರ ಕಾಲಂನಲ್ಲಿ, ಹೆಸರಿದ್ದರೆ ಸಾಕು. ಊರವರು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ, ತಿಥಿ ಊಟ ಉಂಡು ಕೈ ತೊಳೆದುಕೊಂಡು ಐವತ್ತು ವರ್ಷ ಆಗಿರುತ್ತದೆ. ತಾತ ಮಾತ್ರ ಪಹಣಿಯಲ್ಲಿ ಗಟ್ಟಿಮುಟ್ಟಾಗಿರುತ್ತಾನೆ. ಬೆಳೆ ಸಮೀಕ್ಷೆಯವರು ಬಂದು ಅವನ ಹೊಲದ ರಾಗಿಯ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಇಂಥ ತಾತಂದಿರು ಲಕ್ಷಗಟ್ಟಲೆ ಇದ್ದಾರೆ ಅಂತ ಸರ್ಕಾರಕ್ಕೂ ಗೊತ್ತು. ಅದಕ್ಕೇ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆ ಆಂದೋಲನ.

ಆಂದೋಲನ ಅಂದಮೇಲೆ ಸುಲಭ ಅಲ್ವಾ? ತಾತನ ಮರಣ ಪತ್ರ, ಒಂದು ವಂಶವೃಕ್ಷ, ಅಷ್ಟೇ.

1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ 13ನೇ ಕಲಂ ಅಂತ ಒಂದಿದೆ. ಸತ್ತು ವರ್ಷ ದಾಟಿದರೆ ಸುಮ್ನೆ ನೋಂದಾಯಿಸುವಂತಿಲ್ಲ, ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯಲ್ಲಿ ಆ ಅಧಿಕಾರ ಕೋರ್ಟಿನಿಂದ ಜಿಲ್ಲಾ ಮತ್ತು ಉಪವಿಭಾಗ ಮ್ಯಾಜಿಸ್ಟ್ರೇಟರ ಕೈಗೆ ಬಂತು. ಅವರ ಮುಂದೆ ಹೋಗುವ ಮೊದಲು, ತಾತನ ಸಾವು ರಿಜಿಸ್ಟರಿನಲ್ಲಿ ಇಲ್ಲ ಅಂತ ಇನ್ನೊಂದು ಪತ್ರ ತರಬೇಕು. ಹೀಗೆ ತಾತನ ಬಗ್ಗೆ ಸರ್ಕಾರ ಕೊಡುವ ಮೊದಲ ದಾಖಲೆಯೇ ದಾಖಲೆ ಇಲ್ಲ ಅನ್ನುವುದಕ್ಕೆ ದಾಖಲೆ.

ಆ ಪತ್ರ ಕೇಳಲು ಹೋದರೆ, ‘ಅವರಿಗೆ ನೀವು ಏನಾಗಬೇಕು?’

‘ಮೊಮ್ಮಗ ಸಾರ್.’

‘ಹಂಗಂತ ವಂಶವೃಕ್ಷ ತಗೊಂಡು ಬನ್ನಿ.’

ವಂಶವೃಕ್ಷಕ್ಕೆ ನಾಡಕಚೇರಿಗೆ ಹೋದರೆ, ‘ತಾತಂದು ಡೆತ್ ಸರ್ಟಿಫಿಕೇಟ್ ಎಲ್ಲಿ?’

ಹಳೇ ಕಾಗದದಲ್ಲಿ ಏನಾದರೂ ಸಿಗಬಹುದು ಅಂತ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಹಿಂದೆ ಇದೆಲ್ಲ ಊರಿನ ಲೆಕ್ಕ ಬರೆಯುವ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದು ಮಾಡಿತು. ಶಾನುಭೋಗರು ಹೋದರು. ಅವರ ಕೈಬರಹ ಉಳಿಯಿತು, ಓದುವವರು ಉಳಿಯಲಿಲ್ಲ. ಧಾರವಾಡ, ಬೆಳಗಾವಿ ಕಡೆಯವರಾದರೆ ಹಳೇ ಕಡತ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿರುತ್ತದೆ. ಕಲಬುರಗಿ, ಬೀದರ್ ಕಡೆಯಾದರೆ ಉರ್ದು. ಮುತ್ತಾತನ ಹೆಸರು ಓದಿಸಲು ಮೊದಲು ಒಬ್ಬ ಪಂಡಿತನನ್ನು ಹುಡುಕಬೇಕು, ಆಮೇಲೆ ಅವನ ಓದು ಸರಿ ಅಂತ ಕಚೇರಿಯನ್ನು ಒಪ್ಪಿಸಬೇಕು.

ಕಡತ ಸಿಗದಿದ್ದರೂ ಬರಿಗೈಯಲ್ಲಿ ಕಳಿಸುವುದಿಲ್ಲ. ‘ಸದರಿ ದಾಖಲೆಯು ಶಿಥಿಲಗೊಂಡಿರುವುದರಿಂದ ನಕಲು ನೀಡಲು ಸಾಧ್ಯವಿರುವುದಿಲ್ಲ’ ಅಂತ ಹಿಂಬರಹ ಕೊಡುತ್ತಾರೆ, ಸೀಲು ಸಮೇತ. ಕಾಗದ ಜೋಪಾನ ಮಾಡಬೇಕಾದವರು ಸರ್ಕಾರದವರು. ಅದನ್ನು ತಿಂದಿದ್ದು ಗೆದ್ದಲು. ತಾತ ಯಾರೆಂದು ಸಾಬೀತು ಮಾಡಬೇಕಾದವನು ಮೊಮ್ಮಗ.

2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಪಹಣಿಯೆಲ್ಲ ಕಂಪ್ಯೂಟರಿಗೆ ಹೋಯಿತು. ಒಳ್ಳೆಯದೇ ಆಯಿತು, ಕೈಬರಹದ ಪಹಣಿ ತಿದ್ದುವವರ ಕಾಟ ತಪ್ಪಿತು. ಆದರೆ ಟೈಪು ಮಾಡುವಾಗ ಮುನಿಯಪ್ಪ ಮುನಿಯಮ್ಮನಾಗಿರುತ್ತಾನೆ. ಈಗ ಮೊಮ್ಮಗ ಛಾಪಾ ಕಾಗದ ಕೊಂಡು, ಈ ಇಬ್ಬರೂ ಒಬ್ಬರೇ, ಆ ಒಬ್ಬರು ನನ್ನ ತಾತ ಅಂತ ನೋಟರಿ ಮುಂದೆ ಪ್ರಮಾಣ ಮಾಡಬೇಕು. 2024ರಿಂದ ‘ಭೂಸುರಕ್ಷಾ’ ಹೆಸರಿನಲ್ಲಿ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಇನ್ನುಮುಂದೆ ಹುಳ ತಿಂದ ತೂತೂ ಸ್ಪಷ್ಟವಾಗಿ ಕಾಣುತ್ತದೆ, ಮನೆಯಲ್ಲೇ ಕೂತು ನೋಡಬಹುದು.

ಇಂಗ್ಲೆಂಡಿನಲ್ಲಿ 1921ರ ಜನಗಣತಿಯ ಹಾಳೆಗಳನ್ನು ನೂರು ವರ್ಷ ಕಾದು 2022ರ ಜನವರಿಯಲ್ಲಿ ತೆರೆದಿಟ್ಟರು. ಮುತ್ತಜ್ಜ ತುಂಬಿದ ಫಾರಂ ನೋಡಲು ಜನ ದುಡ್ಡು ಕೊಟ್ಟು ಮುಗಿಬಿದ್ದರು. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ತುಂಬಿದ ಫಾರಂ ಯಾರೂ ನೋಡುವಂತಿಲ್ಲ. ನೂರು ವರ್ಷ ಆದಮೇಲೆ ನೋಡಬಹುದು ಅಂತಲೂ ಅದರಲ್ಲಿ ಇಲ್ಲ. ಇಂತಿಂಥವರು ಇಂತಿಂಥ ಮನೆಯಲ್ಲಿದ್ದರು ಅಂತ ಸರ್ಕಾರ ಒಮ್ಮೆ ಬಾಗಿಲಿಗೇ ಬಂದು ಬರೆದುಕೊಂಡಿರುತ್ತದೆ. ಆಮೇಲೆ ಅದನ್ನೇ ನಮ್ಮ ಹತ್ತಿರ ಕೇಳುತ್ತದೆ.

ನಮ್ಮಲ್ಲಿ ಹೆಳವರಿದ್ದಾರೆ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆ ಮುಂದೆ ನಿಂತು ಆ ಮನೆತನದ ಏಳೆಂಟು ತಲೆಮಾರು ಒಪ್ಪಿಸುವವರು. ಮೂಲ ಊರು ಯಾವುದು, ಬಿಟ್ಟು ಬಂದಿದ್ದು ಯಾಕೆ, ಎಲ್ಲ ಹೇಳುತ್ತಾರೆ. ಹಿಂದೆ ಓಲೆಗರಿಯಲ್ಲಿ ಬರೆದಿಡುತ್ತಿದ್ದರು, ಈಗ ಪುಸ್ತಕದಲ್ಲಿ. ಹುಟ್ಟಿದವರ ಹೆಸರು ಸೇರಿಸಿಕೊಂಡು ದವಸವನ್ನೋ ಬಟ್ಟೆಯನ್ನೋ ತೆಗೆದುಕೊಂಡು ಹೋಗುತ್ತಾರೆ. ಸರ್ವರ್ ಡೌನ್ ಅನ್ನುವ ಮಾತೇ ಇಲ್ಲ. ಆದರೆ ಅವರ ಪುಸ್ತಕವನ್ನು ಕೌಂಟರಿಗೆ ತಂದರೆ ಆಗುವುದಿಲ್ಲ. ಗೆಜೆಟೆಡ್ ಅಧಿಕಾರಿ ದೃಢೀಕರಿಸಿರಬೇಕಲ್ಲ.

ಕಚೇರಿಯ ವಂಶವೃಕ್ಷಕ್ಕೆ ಮಾತ್ರ ಮಹಜರು ನಡೆಯುತ್ತದೆ. ಗ್ರಾಮ ಆಡಳಿತ ಅಧಿಕಾರಿ ಬಂದು, ಅಕ್ಕಪಕ್ಕದವರ ಸಹಿ ಹಾಕಿಸಿಕೊಳ್ಳುತ್ತಾರೆ. ಆಗ ಮರದಲ್ಲಿ ಗಂಡುಮಕ್ಕಳ ಕೊಂಬೆ ಮಾತ್ರ ಇರುತ್ತದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು, 2005ರಲ್ಲಿ ಕೇಂದ್ರವೂ ಮಾಡಿತು. ಅಂದಿನಿಂದ ಎಷ್ಟೋ ವಂಶಗಳಲ್ಲಿ ಅಕ್ಕತಂಗಿಯರು ಹುಟ್ಟುವುದನ್ನೇ ನಿಲ್ಲಿಸಿದ್ದಾರೆ. ಹೈವೇ ಬಂದು ಜಮೀನಿನ ರೇಟು ಏರಿದ ಮೇಲೆ ಅಕ್ಕ ದಾವೆ ಹಾಕುತ್ತಾಳೆ. ಕೋರ್ಟಿಗೆ ಮಹಜರಿನ ಸಾಕ್ಷಿದಾರನನ್ನು ಕರೆಸುತ್ತಾರೆ. ಆ ಮನೆಯಲ್ಲಿ ಹೆಣ್ಣುಮಕ್ಕಳೇ ಇಲ್ಲ ಅಂತ ಸಹಿ ಹಾಕಿದವನು ಅವಳ ಮದುವೆಯಲ್ಲಿ ಪಾಯಸ ಬಡಿಸಿದವನೇ.