ಇಂಗ್ಲೆಂಡಿನ ಕಾಲುದಾರಿಗೆ ಸೈಕಲ್ ಬಿಡಬೇಕೇ?

ಪರ: ಟ್ರಾಕ್ಟರ್ ಹೋಗುತ್ತದೆ, ನಾನು ಹೋಗಬಾರದಾ?

ಗ್ರಾವೆಲ್ ಬೈಕ್ ತಗೊಂಡೆ ಅಂತ ಊರಿಗೆ ಫೋನ್ ಮಾಡಿದಾಗ ಅಣ್ಣ ಮೊದಲು ಕೇಳಿದ್ದು, "ಮೈಲೇಜ್ ಎಷ್ಟು ಕೊಡುತ್ತೋ?" ಅದು ಸೈಕಲ್ ಮಾರಾಯ, ಅಂದೆ. ಬಾಗಿದ ಹ್ಯಾಂಡಲ್, 40 ಮಿ.ಮೀ. ಅಗಲದ ಟೈರ್. ಡಾಂಬರು ಮುಗಿದರೂ ಸವಾರಿ ಮುಗಿಯುವುದಿಲ್ಲ, ಅದೇ ಇದರ ಸುಖ. ಹೆಸರಿನಲ್ಲಿ ಜಲ್ಲಿ ಇದೆ. ಆದರೆ ನಾವಿರುವ ರೆಡಿಂಗ್‌ನಿಂದ ಗುಡ್ಡದ ಕಡೆ ಹೋದರೆ ಸಿಗುವುದು ಸೀಮೆಸುಣ್ಣ ಚೆಲ್ಲಿದಂಥ ಬಿಳಿ ನೆಲ. ನಡುನಡುವೆ ಚಕಮಕಿ ಕಲ್ಲಿನ ಚೂರುಗಳು ಟೈರ್ ಸೀಳಲೆಂದೇ ಕಾದು ಕೂತಿರುತ್ತವೆ.

ನಮ್ಮೂರಿನ ಮೇಲೇ ಕಿಂಗ್ ಆಲ್ಫ್ರೆಡ್ಸ್ ವೇ ಹಾದುಹೋಗುತ್ತದೆ. ಸೈಕ್ಲಿಂಗ್ ಯುಕೆ ಸಂಸ್ಥೆ 2020ರಲ್ಲಿ ರೂಪಿಸಿದ 350 ಕಿ.ಮೀ. ಸುತ್ತು ಅದು. ವಿಂಚೆಸ್ಟರ್‌ನಲ್ಲಿ ಹೊರಟು ಸ್ಟೋನ್‌ಹೆಂಜ್, ಏವ್‌ಬರಿ, ರೆಡಿಂಗ್, ಫಾರ್ನಮ್, ಸೌತ್ ಡೌನ್ಸ್ ಮುಗಿಸಿ ಮತ್ತೆ ವಿಂಚೆಸ್ಟರ್. ಏವ್‌ಬರಿ ದಾಟಿದ ಮೇಲೆ ರಿಜ್‌ವೇ ಎಂಬ ಹಳೇ ದಾರಿ ಸಿಗುತ್ತದೆ. ಗುಡ್ಡದ ನೆತ್ತಿ ಹಿಡಿದುಕೊಂಡೇ ಸಾಗುವ ದಾರಿ. ಎರಡೂ ಕಡೆ ಬಾರ್ಲಿ, ಮೇಲೆ ಬಾನಾಡಿಯ ಚಿಲಿಪಿಲಿ. ಅಫಿಂಗ್ಟನ್ ಹತ್ತಿರ ಸುಮಾರು 3,000 ವರ್ಷದ ಹಿಂದೆ ಗುಡ್ಡದ ಮೈ ಕೊರೆದು ಮಾಡಿದ ಬಿಳಿ ಕುದುರೆ. ಅಲ್ಲಿ ಸೈಕಲ್ ಒರಗಿಸಿ ಚಪಾತಿ ರೋಲ್ ತಿಂದಿದ್ದೇನೆ. ಅಂಥ ಊಟ ಯಾವ ಹೋಟೆಲಲ್ಲೂ ಸಿಕ್ಕಿಲ್ಲ.

ರಿಜ್‌ವೇ ಒಟ್ಟು 139 ಕಿ.ಮೀ. ಥೇಮ್ಸ್ ನದಿಯ ಪಶ್ಚಿಮಕ್ಕೆ ಸೈಕಲ್ ಬಿಡಬಹುದು. ನದಿ ದಾಟಿದರೆ ಅದೇ ಹೆಸರಿನ ದಾರಿಯಲ್ಲಿ ಅಲ್ಲಲ್ಲಿ ಹಳದಿ ಬಾಣ ಎದುರಾಗುತ್ತದೆ. ಹಳದಿ ಎಂದರೆ ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಎಂದರೆ ಬ್ರೈಡಲ್‌ವೇ, ಕುದುರೆಯೂ ಹೋಗುವ ದಾರಿ. 1968ರ ಕಾಯ್ದೆ ಸೈಕಲ್‌ಗೆ ಕೊಟ್ಟಿದ್ದು ಈ ನೀಲಿಯನ್ನು. ಇಂಗ್ಲೆಂಡಿನ ಇಂಥ ಹಕ್ಕಿನ ದಾರಿಗಳಲ್ಲಿ (ಬೇರೆಯವರ ಜಮೀನಿನ ಮೇಲೆ ಹಾದುಹೋದರೂ ಜನ ಓಡಾಡುವ ಹಕ್ಕಿರುವ ದಾರಿಗಳು) ಸೈಕಲ್‌ಗೆ ಸಿಗುವುದು ಐದರಲ್ಲಿ ಒಂದು ಪಾಲು, ಅಷ್ಟೇ.

ಯಾವುದು ಹಳದಿ, ಯಾವುದು ನೀಲಿ ಅಂತ ನೆಲ ನೋಡಿ ತೀರ್ಮಾನಿಸಿದ್ದಲ್ಲ. 1949ರ ಕಾಯ್ದೆ ಬಂದ ಮೇಲೆ ಹಳ್ಳಿ ಹಳ್ಳಿಯ, ನಮ್ಮ ಪಂಚಾಯ್ತಿಯಂಥ, ಪ್ಯಾರಿಷ್‌ನವರು ದಾರಿಗಳ ಪಟ್ಟಿ ಮಾಡಿದರು. ಒಬ್ಬರು ಕುದುರೆ ದಾರಿ ಅಂದಿದ್ದನ್ನು ಪಕ್ಕದ ಹಳ್ಳಿಯವರು ಕಾಲುದಾರಿ ಅಂತ ಬರೆದರು. ಹಾಗಾಗಿ ಇವತ್ತಿಗೂ ಹಳ್ಳಿಯ ಗಡಿಯಲ್ಲಿ ದಾರಿಯ ಬಣ್ಣ ಬದಲಾಗುವುದುಂಟು. ಕೆಲವು ಕಾಲುದಾರಿಗಳಂತೂ ಗಟ್ಟಿಯಾದ ಹೊಲದ ರಸ್ತೆಗಳು. ರೈತರ ಟ್ರಾಕ್ಟರ್, ಜೀಪು ದಿನವೂ ಅಲ್ಲೇ ಓಡುತ್ತವೆ. ಹತ್ತು ಕಿಲೋ ತೂಕದ ನನ್ನ ಸೈಕಲ್‌ಗೆ ಮಾತ್ರ ಅಲ್ಲಿ ಹಕ್ಕಿಲ್ಲ!

ನೀಲಿ ದಾರಿ ತುಂಡಾದಲ್ಲಿ ಎಲ್ಲಿಗೆ ಹೋಗಬೇಕು? ಹಳ್ಳಿ ರಸ್ತೆಗೆ. ಎರಡೂ ಕಡೆ ಆಳೆತ್ತರದ ಬೇಲಿ, ಒಂದು ಕಾರು ಹಿಡಿಸುವಷ್ಟು ಜಾಗ. ವೇಗದ ಮಿತಿ ಹಲವು ಕಡೆ ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ತಿರುವಿನಾಚೆ ಏನು ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಕಾಲುದಾರಿಯಲ್ಲಿ ನನ್ನಿಂದ ಯಾರಿಗೋ ತೊಂದರೆ ಅನ್ನುವವರು, ಈ ರಸ್ತೆಯಲ್ಲಿ ನನ್ನ ಪಾಡೇನು ಅಂತಲೂ ನೋಡಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯಿಂದ ಹೆಚ್ಚುಕಡಿಮೆ ಎಲ್ಲ ಕಡೆ, ಜವಾಬ್ದಾರಿಯಿಂದ ಹೋಗುವುದಾದರೆ, ಸೈಕಲ್‌ಗೆ ಅವಕಾಶವಿದೆ. ಅಲ್ಲೇನೂ ಆಕಾಶ ಕಳಚಿ ಬಿದ್ದಿಲ್ಲ.

ವಿರೋಧ: ಹಿಂದೆ ತಿರುಗಿ ನೋಡದೆ ನಡೆಯುವ ಜಾಗ

ಮೇಲಿನದನ್ನು ಬರೆದವರು ನಮ್ಮ ಮನೆಯವರೇ. ಚಪಾತಿ ರೋಲ್ ಮಾಡಿಕೊಟ್ಟಿದ್ದು ಯಾರು ಅಂತ ಬರೆದಿಲ್ಲ, ಇರಲಿ.

ಕಳೆದ ಬೇಸಿಗೆಯಲ್ಲಿ ಅತ್ತೆ ಬಂದಿದ್ದರು. ತೀರ್ಥಹಳ್ಳಿಯ ತೋಟದಲ್ಲಿ ದಿನಾ ಓಡಾಡಿದ ಜೀವ, ಇಲ್ಲಿ ಮನೆಯೊಳಗೆ ಕೂತಿರಲು ಆಗಲಿಲ್ಲ. ದಿನವೂ ಹೊಲದ ನಡುವಿನ ಕಾಲುದಾರಿಯಲ್ಲಿ ನಡೆಯುತ್ತಿದ್ದೆವು. ಬೇಲಿ ದಾಟಲು ಹಲಗೆಯ ಮೆಟ್ಟಿಲು ಕಂಡಾಗ ಅವರಿಗೆ ಖುಷಿಯೋ ಖುಷಿ. "ನಮ್ಮ ತಡಮೆ ಇಲ್ಲೂ ಉಂಟಲ್ಲ ಮಾರಾಯ್ತಿ!"

ಒಂದು ದಿನ ಹಿಂದಿನಿಂದ ಸೈಕಲ್ ಬಂತು. ಸವಾರ ಒಳ್ಳೆಯವನೇ, ದೂರದಿಂದಲೇ ಬೆಲ್ ಮಾಡಿದ. ನನಗೆ ಕೇಳಿಸಿತು. ಅತ್ತೆಗೆ ಒಂದು ಕಿವಿ ಮಂದ, ಕೇಳಿಸಲಿಲ್ಲ. ಪಕ್ಕಕ್ಕೆ ಬಂದಾಗ ಬೆಚ್ಚಿಬಿದ್ದು ಬೇಲಿಗೆ ಹಾರಿದರು. ಅಲ್ಲಿದ್ದದ್ದು ತುರಚೆ ಗಿಡ. ಕೈ ಮೊಣಕೈವರೆಗೆ ಕೆಂಪಾಗಿ ಉಬ್ಬಿತು. ಅವನು ಹತ್ತು ಸಲ ಸಾರಿ ಅಂದ. ತಪ್ಪು ಅವನದು ಅಂತಲ್ಲ. ಆ ದಾರಿ ಇಬ್ಬರಿಗೂ ಸಾಲದು. ಹೊಲದ ನಡುವೆ ಹಾಯುವ ಕಾಲುದಾರಿಗೆ ಕಾನೂನು ಇಟ್ಟಿರುವ ಕನಿಷ್ಠ ಅಗಲ ಒಂದು ಮೀಟರ್. ಬ್ರೈಡಲ್‌ವೇಗೆ ಎರಡು. ಒಂದು ಮೀಟರಿನಲ್ಲಿ ಅತ್ತೆ ಸೊಸೆ ಜೊತೆಯಾಗಿ ನಡೆಯುವುದೇ ಕಷ್ಟ. ಆಮೇಲೆ ಅತ್ತೆ ನಡೆದಷ್ಟು ದಿನವೂ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು.

ಸ್ಕಾಟ್ಲೆಂಡ್ ಉದಾಹರಣೆ ಚೆನ್ನಾಗಿದೆ. ಆದರೆ ಅದು ವಿಸ್ತಾರದಲ್ಲಿ ಇಂಗ್ಲೆಂಡಿನ ಅರ್ಧಕ್ಕಿಂತ ಜಾಸ್ತಿ, ಜನ ಮಾತ್ರ ಸುಮಾರು 55 ಲಕ್ಷ. ಇಂಗ್ಲೆಂಡಿನಲ್ಲಿ ಅದರ ಹತ್ತು ಪಟ್ಟು. ಭಾನುವಾರ ಬಿಸಿಲು ಬಿದ್ದರೆ ರೆಡಿಂಗ್ ಸುತ್ತಮುತ್ತಲಿನ ದಾರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇವರು ಹೋಗುವುದು ಬೆಳಿಗ್ಗೆ ಆರಕ್ಕೆ, ಹಾಗಾಗಿ ಕಾಣಿಸುವುದಿಲ್ಲ.

ನಡೆಯುವ ಹಕ್ಕೂ ಇಲ್ಲಿ ಸುಮ್ನೆ ಬಂದಿದ್ದಲ್ಲ. 1932ರ ಏಪ್ರಿಲ್‌ನಲ್ಲಿ ನೂರಾರು ಜನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಮಾಲೀಕರ ತಡೆ ಲೆಕ್ಕಿಸದೆ ನಡೆದರು. ಐವರು ಜೈಲಿಗೆ ಹೋದರು. ಇವರು ಹೇಳಿದ 1949ರ ಕಾಯ್ದೆಯ ಹಿಂದೆ ಅಂಥ ನಡಿಗೆಗಳಿವೆ.

ಕಾಲುದಾರಿಯಲ್ಲಿ ಸೈಕಲ್ ಬಿಟ್ಟರೆ ಸಾಮಾನ್ಯವಾಗಿ ಪೊಲೀಸರೇನೂ ಬರುವುದಿಲ್ಲ. ಅದು ಅಪರಾಧವಲ್ಲ, ಜಮೀನಿನವರ ವಿರುದ್ಧ ಸಿವಿಲ್ ತಪ್ಪು. ಹಾಗಾಗಿ ಈಗಲೇ ಬೇಕಾದವರು ನುಗ್ಗುತ್ತಾರೆ. ಬಾಗಿಲನ್ನೇ ತೆಗೆದುಬಿಟ್ಟರೆ? ತಡಮೆ ಕಿತ್ತು ಗೇಟ್ ಹಾಕಬೇಕು. ಗೇಟ್ ಮುಚ್ಚದೆ ಹೋದವರಿಂದ ದನ ತಪ್ಪಿಸಿಕೊಂಡರೆ ಹುಡುಕುವವರು ರೈತರು. (ಗೇಟ್ ಬಂದರೆ ಮಂಡಿನೋವಿನ ಅತ್ತೆಗೇ ಅನುಕೂಲ, ನಿಜ. ನನ್ನ ವಾದಕ್ಕೆ ಇದು ಪೆಟ್ಟು, ಆದರೂ ಹೇಳದೆ ಇರಲಾರೆ.) ಚಳಿಗಾಲದಲ್ಲಿ ಈ ಸುಣ್ಣದ ನೆಲ ಸಾಬೂನಿನ ಹಾಗೆ ಜಾರುತ್ತದೆ. ಟೈರ್ ಕೊರೆದ ಗೆರೆಯಲ್ಲಿ ನೀರು ಹರಿದು, ವಸಂತಕ್ಕೆ ಅದು ಚರಂಡಿಯಾಗಿರುತ್ತದೆ.

ಇವರಿಗೆ ಒಂದು ಮಾತು ಬಿಟ್ಟುಕೊಡುತ್ತೇನೆ. ಟ್ರಾಕ್ಟರ್ ಓಡುವ ಗಟ್ಟಿ ರಸ್ತೆಯನ್ನು ಕಾಲುದಾರಿ ಅನ್ನುವುದು ಕಾಗದದ ಹಟ. ಅಂಥದನ್ನು ಒಂದೊಂದಾಗಿ ನೋಡಿ ನೀಲಿ ಮಾಡಲಿ, ನನ್ನ ತಕರಾರಿಲ್ಲ. 1968ರ ಕಾಯ್ದೆ ಬ್ರೈಡಲ್‌ವೇಯಲ್ಲಿ ಸೈಕಲ್ ಬಿಡಲು ಹೇಳಿತೇ ಹೊರತು, ಅದನ್ನು ಸೈಕಲ್‌ಗೆ ತಕ್ಕ ಹಾಗೆ ಸರಿಮಾಡುವ ಹೊಣೆಯನ್ನು ಯಾರ ಮೇಲೂ ಹೊರಿಸಲಿಲ್ಲ. ಮೊದಲು ಜಗಳ ಆಡಬೇಕಾದದ್ದು ಅದಕ್ಕೆ. ಎಲ್ಲ ಹಳದಿ ಬಾಣವನ್ನೂ ಅಳಿಸಿ ಅಂದರೆ ಒಪ್ಪಲಾರೆ.

ಅತ್ತೆ ಮುಂದಿನ ತಿಂಗಳು ಮತ್ತೆ ಬರುತ್ತಿದ್ದಾರೆ. ಪ್ಯಾಂಗ್‌ಬೋರ್ನ್ ಕಡೆ ನದಿ ದಡದಲ್ಲಿ ನಡೆಸಿಕೊಂಡು ಹೋಗುತ್ತೇನೆ. ಇವರೂ ಬರಲಿ, ಸೈಕಲ್ ಹಜಾರದಲ್ಲೇ ಇರಲಿ.