ದಾನದ ಎದೆಹಾಲು: ಬಿಸಿ ಮಾಡಲೇಬೇಕೇ?

ಪರ: ಮಾಡಲೇಬೇಕು

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. 900 ಗ್ರಾಂ ತೂಕದ ಮಗುವಿಗೆ ಹಾಲು ಕೊಡುವುದನ್ನು ನೀವು ನೋಡಿದ್ದೀರಾ? ಸಿರಿಂಜಿನ ಪಿಸ್ಟನ್ ತೆಗೆದು, ಬಾಯಿಯ ನಳಿಕೆಗೆ ಸಿಕ್ಕಿಸಿ, ಎತ್ತಿ ಹಿಡಿಯುತ್ತೇವೆ. 2 ಮಿಲಿ ಹಾಲು. ತಾನಾಗಿಯೇ ಇಳಿಯಬೇಕು, ಒತ್ತುವ ಹಾಗಿಲ್ಲ. ಆ ಹಾಲು ಇನ್ಯಾವುದೋ ತಾಯಿಯದು. ಅವರ ಮುಖವನ್ನೂ ನಾನು ನೋಡಿರುವುದಿಲ್ಲ.

ಅದಕ್ಕೇ ಎದೆಹಾಲಿನ ಬ್ಯಾಂಕಿನಲ್ಲಿ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ತಕ್ಷಣ ತಣ್ಣಗೆ ಮಾಡುತ್ತಾರೆ. ಇದು ಹೋಲ್ಡರ್ ಪಾಶ್ಚರೀಕರಣ. ಎಚ್‌ಐವಿ ಸಾಯುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಕಾಡುವ ಸಿಎಂವಿ ವೈರಸ್ ಸಾಯುತ್ತದೆ. ರೋಗ ತರುವ ಹೆಚ್ಚಿನ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರು ಮಾಡಿದರು. ಈಗ ನಮ್ಮ ಬೆಂಗಳೂರಿನಲ್ಲೂ ಇವೆ.

'ಸತ್ವವೆಲ್ಲ ಹೋಯ್ತು' ಅನ್ನುತ್ತಾರೆ. ಏನು ಹೋಯ್ತು? ಇದೇನು ಒಲೆ ಮೇಲೆ ಉಕ್ಕಿಸಿದ ಹಾಲಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುವ ಸಕ್ಕರೆಗಳು ಹಾಗೇ ಉಳಿಯುತ್ತವೆ. ಡಬ್ಬಿ ಹಾಲು ಕುಡಿದ ಇಂಥ ಮಕ್ಕಳಿಗೆ ಹೋಲಿಸಿದರೆ, ಈ ಹಾಲು ಕುಡಿದವರಲ್ಲಿ ಕರುಳು ಕೊಳೆಯುವ ಕಾಯಿಲೆ ಕಡಿಮೆ. ಹಸಿ ಹಾಲೇ ಅಮೃತ ಅನ್ನುವವರು ಒಂದು ರಾತ್ರಿ ಆ ಸಿರಿಂಜ್ ಹಿಡಿದು ನಿಲ್ಲಲಿ. ಆ ಕರುಳಿಗೆ ಒಂದು ಸೋಂಕು ಸಾಕು.

ವಿರೋಧ: ಹೀಗೇ ಮಾಡಬೇಕಿಲ್ಲ

ಈ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಬಿಸಿ ಮಾಡುವುದೇ ತಪ್ಪು ಅಂತ ನಾನು ಹೇಳಲಾರೆ.

ಆದರೆ ನಾನು ಹಾಲು ಕೊಟ್ಟವಳು. ಬೆಳಗಿನ ಜಾವ ಪಂಪ್ ಹಿಡಿದು ಕೂತು, ಬಾಟಲಿಯ ಮೇಲೆ ತಾರೀಖು ಬರೆದು, ಫ್ರೀಜರ್‌ನಲ್ಲಿ ಇಡುತ್ತಿದ್ದೆ. ಕೆಲವು ದಿನ 40 ಮಿಲಿಯೂ ಬರುತ್ತಿರಲಿಲ್ಲ. ಹಾಲಿನ ಲ್ಯಾಕ್ಟೋಫೆರಿನ್ ಕಬ್ಬಿಣವನ್ನು ಹಿಡಿದಿಟ್ಟು ರೋಗಾಣುಗಳನ್ನು ಉಪವಾಸ ಕೆಡವುತ್ತದೆ. ಆ ಅರ್ಧ ಗಂಟೆಯ ಬಿಸಿಗೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಳಾಗುತ್ತದೆ ಅಂತ ತಿಳಿದಾಗ ತುಂಬಾ ಬೇಜಾರಾಯಿತು. ಕರುಳನ್ನು ಕಾಯುವ ಐಜಿಎ ಕೂಡ ಒಂದಿಷ್ಟು ಹೋಗುತ್ತದೆ. ಕೊಬ್ಬು ಜೀರ್ಣಿಸುವ ಲೈಪೇಸ್ ಉಳಿಯುವುದೇ ಇಲ್ಲ.

ನಾರ್ವೆಯಲ್ಲಿ ದಾನಿಯ ರಕ್ತ, ಹಾಲು ಎರಡನ್ನೂ ಪರೀಕ್ಷಿಸಿ ಹಸಿ ಹಾಲನ್ನೇ ಕೊಡುತ್ತಾರೆ. ಅದು ನಮ್ಮಲ್ಲಿ ಸದ್ಯಕ್ಕೆ ಕಷ್ಟ. 72 ಡಿಗ್ರಿಯಲ್ಲಿ 15 ಸೆಕೆಂಡ್ ಬಿಸಿ ಮಾಡುವ ವಿಧಾನವೂ ಇದೆ. ಅದರಲ್ಲಿ ಲ್ಯಾಕ್ಟೋಫೆರಿನ್, ಐಜಿಎ ಹೆಚ್ಚು ಉಳಿಯುತ್ತವೆ. ಅಂಥ ಯಂತ್ರ ನಮ್ಮ ಬ್ಯಾಂಕುಗಳಿಗೂ ಬರಲಿ ಅಂತ ಕೇಳಬಹುದು ಅಲ್ವಾ?